ಅರ್ಧಕ್ಕೆ ನಿಲ್ಲಿಸಿದ ಹೋಲಿಕೆ

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಜಾವಾ ಭಾಷೆ ಮತ್ತು ನೇಪಾಳಿ ಭಾಷೆಗಳನ್ನು ಹೋಲಿಸಿ ಒಂದು ಲೇಖನ ಕೊಡುತ್ತೇನೆಂದು ಒಪ್ಪಿಕೊಂಡವನು ನಾನೇ. ಸಭೆಯಲ್ಲಿ ಅದೇ ವಿಷಯ ಮಾತನಾಡಿ ಚಪ್ಪಾಳೆ ಗಿಟ್ಟಿಸಿದವನೂ ನಾನೇ. ಆಮೇಲೆ ಸಂಪಾದಕರು ಕೇಳಿದಾಗಲೆಲ್ಲ ಕಣ್ಣಿನ ಪೊರೆ, ಮಂಡಿನೋವು, ಹೆಂಡತಿಯ ವರ್ಷಾಬ್ದಿಕ ಎಂದು ಏನಾದರೊಂದು ಹೇಳಿದೆ. ಅವು ಸುಳ್ಳಲ್ಲ. ಆದರೆ ಬರೆಯದೇ ಇದ್ದುದಕ್ಕೆ ಕಾರಣ ಅವಲ್ಲ. ಅಂದಿನ ಮಾತಿನಲ್ಲಿ ನಾನು ಹೋಲಿಕೆಯ ಅರ್ಧವನ್ನು ಹೇಳಿ ಅರ್ಧವನ್ನು ನುಂಗಿಕೊಂಡಿದ್ದೆ. ಬರೆಯಲು ಕೂತರೆ ಆ ನುಂಗಿದ್ದೇ ಮೊದಲು ಬಾಯಿಗೆ ಬರುತ್ತದೆ.

ನಾನು ಓದಿದ್ದು ಮೈಸೂರಿನಲ್ಲಿ, ಎಸ್ಸೆಸ್ಸೆಲ್ಸಿಯವರೆಗೆ. ಕೆಲಸ ಮಾಡಿದ್ದು ಕಡಲಾಚೆಯ ಈ ಊರಿನಲ್ಲಿ, ಪಾಸಿರ್ ಪಂಜಾಂಗ್ ಬಂದರಿನ ಒಂದು ಹಡಗು ಕಂಪನಿಯಲ್ಲಿ, ಇಳಿದ ಕಂಟೇನರುಗಳ ನಂಬರು ನೋಡಿ ಗುರುತು ಹಾಕುವ ಗುಮಾಸ್ತನಾಗಿ. ಶಿಫ್ಟಿನ ಬಸ್ಸಿನಲ್ಲಿ ಮಲಯ್, ತಮಿಳು, ಹಿಂದಿ, ಚೀನೀಯರ ಹೊಕಿಯೆನ್ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ಕಿವಿಗೆ ಬಿದ್ದದ್ದು ನನಗೆ ಅಂಟಿಕೊಳ್ಳುತ್ತಿತ್ತು. ವ್ಯಾಕರಣ ತಿಳಿಯದು, ಆದರೆ ಯಾವ ಭಾಷೆಯವರ ಜೊತೆಗಾದರೂ ಕೂತು ಒಂದು ಲೋಟ ಚಹಾ ಕುಡಿದು ಬರಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಮ್ಮ ಸಂಘದಲ್ಲಿರುವವರು ಹೆಚ್ಚಾಗಿ ಪ್ರೊಫೆಸರುಗಳು, ಬ್ಯಾಂಕಿನವರು, ಸಾಫ್ಟ್‌ವೇರಿನವರು. ಅವರ ನಡುವೆ ನನ್ನ ಜಾಗ ಊಟದ ಸಾಲಿನಲ್ಲಿ ಪುಳಿಯೋಗರೆ ಬಡಿಸುವ ಕಡೆ. ನನ್ನನ್ನು ಯಾರೂ ಕೀಳಾಗಿ ಕಂಡವರಲ್ಲ. ಆದರೂ ಒಮ್ಮೆ ಮೈಕಿನ ಮುಂದೆ ನಿಲ್ಲಬೇಕು, ಇವರೆಲ್ಲ ಕೂತು ಕೇಳಬೇಕು ಎಂಬ ಆಸೆ ಒಳಗೇ ಇತ್ತು. ನಡೆದದ್ದಕ್ಕೆಲ್ಲ ಆ ಆಸೆಯೇ ಮೂಲ.

ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಆಗ ಅದು ಮಾಮೂಲು. ಮದುವೆಗೆ ಮುಂಚೆ ನನ್ನನ್ನು ಮಾಮ ಎನ್ನುತ್ತಿದ್ದಳು; ಮದುವೆಯಾದ ಮೇಲೂ ಕೋಪ ಬಂದಾಗ ಮಾತ್ರ ಹಾಗೆ ಕರೆಯುತ್ತಿದ್ದಳು. ಪಾರ್ಶ್ವವಾಯು ಬಡಿದು ಅವಳ ಬಲಗೈ, ಬಲಗಾಲು, ಮಾತು ಎಲ್ಲ ಒಂದೇ ಬೆಳಿಗ್ಗೆ ಹೋದವು. ನಾಲಗೆಯ ಮೇಲೆ ಉಳಿದದ್ದು 'ಅಲ್ಲ' ಎಂಬ ಒಂದು ಪದ. ಕಾಫಿ ಬೇಕಾದರೂ ಅಲ್ಲ, ಬೇಡವಾದರೂ ಅಲ್ಲ. ಮುಖ ನೋಡಿ ತಿಳಿದುಕೊಳ್ಳಬೇಕಿತ್ತು.

ಅವಳನ್ನು ನೋಡಿಕೊಳ್ಳಲು ಬಂದವರು ಜಾವಾದ ಪೊನೊರೊಗೊ ಕಡೆಯ ಒಬ್ಬ ಹೆಂಗಸು, ವಯಸ್ಸು ನಲವತ್ತರ ಆಸುಪಾಸು. ಈಗ ಬರೆಯುವಾಗ 'ಅವರು' ಎನ್ನುತ್ತಿದ್ದೇನೆ. ಆಗ ಮನೆಯಲ್ಲಿ 'ಅವಳು' ಎನ್ನುತ್ತಿದ್ದೆ. ಕರೆಯುವಾಗ ಬರಿ 'ಏಯ್'. ಅವರು ನನ್ನನ್ನು ಬಪಾಕ್ ಎಂದೂ ಹೆಂಡತಿಯನ್ನು ಇಬು ಎಂದೂ ಕರೆಯುತ್ತಿದ್ದರು, ಎಂದರೆ ಅಪ್ಪ, ಅಮ್ಮ. ನಾವು ಮಲಯ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಆದರೆ ನನ್ನ ಹೆಂಡತಿಯ ತಲೆ ಬಾಚುವಾಗ, ಕಾಲು ನೀವುವಾಗ ಅವರು ಮಾತಾಡುತ್ತಿದ್ದದ್ದು ಜಾವಾ ಭಾಷೆಯಲ್ಲಿ, ಮೆಲ್ಲಗೆ, ಎಡೆಬಿಡದೆ. ಇವಳು ನಡುನಡುವೆ 'ಅಲ್ಲ' ಎನ್ನುವಳು. ಇಬ್ಬರಿಗೂ ಅದು ಸಾಕಾಗಿತ್ತು.

ಊರಿನಲ್ಲಿ ಅವರ ಮಗಳು ಸೂಲಗಿತ್ತಿಯ ಕೋರ್ಸು ಓದುತ್ತಿದ್ದಳು, ಇನ್ನೊಂದು ವರ್ಷ ಉಳಿದಿತ್ತು. ನಮ್ಮ ಮನೆಯ ಕರಾರು ಅಷ್ಟರಲ್ಲೇ ಮುಗಿಯುವುದರಲ್ಲಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ: ಕರಾರು ಮತ್ತೆ ಆಗಬೇಕು, ಆ ಹುಡುಗಿ ಓದು ಮುಗಿಸುವವರೆಗೆ ನಮ್ಮ ಮನೆಯಲ್ಲೇ ಇರಬೇಕು. ಅದನ್ನು ತೀರ್ಮಾನಿಸುವವಳು ನನ್ನ ಮಗಳು. ಅವಳು ಪಾಸಿರ್ ರಿಸ್‌ನ ಈ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದು, ದಿನಾ ರೈಲಿನಲ್ಲಿ ಊರಿನ ಇನ್ನೊಂದು ತುದಿಯ ಬ್ಯೂನಾ ವಿಸ್ಟಾಗೆ ಕೆಲಸಕ್ಕೆ ಹೋಗುತ್ತಾಳೆ. ಹೋಗುವಾಗ ಅವಳು ಹೇಳಿಹೋಗುತ್ತಿದ್ದದ್ದು ಒಂದೇ ಮಾತು: ಏನೇ ಆಗಲಿ, ಬೆಂಕಿಯೇ ಬೀಳಲಿ, ಅಮ್ಮನನ್ನು ಬಾತ್‌ರೂಮಿನಲ್ಲಿ ಒಬ್ಬಳನ್ನೇ ಬಿಡಬಾರದು.

ಸಾಯಂಕಾಲ ನಾವು ವೀಲ್‌ಚೇರ್ ತಳ್ಳಿಕೊಂಡು ಕೆಳಗೆ ವಾಯ್ಡ್ ಡೆಕ್‌ಗೆ, ಎಂದರೆ ಕಟ್ಟಡದ ತಳದ ತೆರೆದ ಜಾಗಕ್ಕೆ, ಹೋಗುತ್ತಿದ್ದೆವು. ಅಲ್ಲಿಗೆ ಮೇಲಿನ ಮಹಡಿಯ ಚೀನೀ ಅಜ್ಜಿಯೂ ಬರುತ್ತಿದ್ದರು. ಆ ಅಜ್ಜಿಯ ಕುರ್ಚಿ ತಳ್ಳುವವರು ಕಾಲಿಂಪಾಂಗ್ ಬೆಟ್ಟದ ಕಡೆಯ ನೇಪಾಳಿ ಮಾತಿನ ಹೆಂಗಸು. ಹಿಂದಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ಯಾರಿಗೂ ಹೆದರುವ ಪೈಕಿಯಲ್ಲ. ನನ್ನನ್ನು ಅಂಕಲ್ ಎನ್ನುತ್ತಿದ್ದರು. ನಮ್ಮ ಮನೆಯ ಜಾವಾ ಹೆಂಗಸನ್ನು ದೀದಿ ಎನ್ನುತ್ತಿದ್ದರು, ಅಕ್ಕ ಎಂದು.

ಈ ಇಬ್ಬರ ಮಾತು ಕೇಳುತ್ತಾ ನನಗೆ ಹೋಲಿಕೆಯ ಹುಚ್ಚು ಹಿಡಿಯಿತು. ಮೇಲುನೋಟಕ್ಕೆ ಎರಡು ಭಾಷೆಗಳಿಗೂ ಏನೇನೂ ಸಂಬಂಧವಿಲ್ಲ. ನೇಪಾಳಿ ಹಿಂದಿಯ ನೆಂಟ. ಜಾವಾ ಮಾತು ಮಲಯ್‌ನ ನೆಂಟ. ಒಂದು ಎರಡು ಮೂರು ಎನ್ನಲು ಒಬ್ಬರು ಏಕ್, ದುಇ, ತೀನ್ ಎಂದರೆ ಇನ್ನೊಬ್ಬರು ಸಿಜಿ, ಲೊರೊ, ತೆಲು ಎನ್ನುವರು. ನೀರು ಅಲ್ಲಿ ಪಾನಿ, ಇಲ್ಲಿ ಬಾನ್ಯು. ಆದರೆ ಸ್ವಲ್ಪ ಕೆರೆದರೆ ಸಂಸ್ಕೃತ ಸಿಗುತ್ತದೆ. ನೇಪಾಳಿಯ ದಿನ್ ಜಾವಾದಲ್ಲಿ ದಿನೊ. ಭಾಷೆ ಅಲ್ಲಿ ಬೊಸೊ. ನಮ್ಮ ಅಕಾರವನ್ನೆಲ್ಲ ಅವರು ಓಕಾರದ ಕಡೆಗೆ ಉರುಳಿಸುತ್ತಾರೆ. ಇದನ್ನು ಕಂಡುಹಿಡಿದ ದಿನ ನಾನು ಮಗಳು ಬರುವುದನ್ನೇ ಕಾಯುತ್ತಿದ್ದು ಬಾಗಿಲಲ್ಲೇ ಹೇಳಿದೆ. ಅವಳು ಬೂಟು ಬಿಚ್ಚುತ್ತಾ, "ಸೂಪರ್ ಅಪ್ಪಾ, ಆದ್ರೆ ಅಮ್ಮಂಗೆ ಮಾತ್ರೆ ಕೊಟ್ರಾ?" ಎಂದಳು.

ದೊಡ್ಡ ಸೋಜಿಗ ಮರ್ಯಾದೆಯ ಮಾತಿನಲ್ಲಿತ್ತು. ನೇಪಾಳಿಯಲ್ಲಿ ತ, ತಿಮಿ, ತಪಾಇ, ಹಜುರ್ ಎಂದು ಮೆಟ್ಟಿಲುಗಳಿವೆ. ನಮ್ಮ ನೀನು, ನೀವು, ತಾವು ಇದ್ದ ಹಾಗೆ. ಎದುರಿನವರು ಯಾರೆಂದು ನೋಡಿ ಕ್ರಿಯಾಪದದ ಬಾಲ ಬದಲಾಗುತ್ತದೆ, ಪದ ಅದೇ ಉಳಿಯುತ್ತದೆ. ಜಾವಾದಲ್ಲಿ ಪದವೇ ಬೇರೆಯಾಗುತ್ತದೆ. ಅವರು ತಮ್ಮ ಕೈಯನ್ನು ತಾಙನ್ ಎನ್ನುತ್ತಿದ್ದರು. ನನ್ನ ಹೆಂಡತಿಯ ಕೈಯನ್ನು ಅಸ್ತೊ ಎನ್ನುತ್ತಿದ್ದರು. ಹಸ್ತ! ತಮ್ಮ ತಲೆ ಸಿರಾಹ್, ಇವಳ ತಲೆ ಮುಸ್ತೊಕೊ, ಎಂದರೆ ಮಸ್ತಕ. ಇವಳ ಮೂಗು ಗ್ರೊನೊ, ಘ್ರಾಣ. ಆ ದೊಡ್ಡ ಪದಗಳನ್ನು ತಮಗೆ ತಾವು ಎಂದೂ ಬಳಸಿಕೊಳ್ಳುವಂತಿಲ್ಲ. ತಮ್ಮನ್ನು ತಾವು ಏರಿಸಿಕೊಂಡ ಹಾಗಾಗುತ್ತದೆ. ಲಕ್ವ ಹೊಡೆದು ಮಡಿಚಿಹೋದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೋಪು ಹಚ್ಚುತ್ತಾ ಅವರು ಅಸ್ತೊ ಎನ್ನುವಾಗ, ಆ ಕೈಯನ್ನು ನಾನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು ಎಂದು ನನಗೆ ನಾಚಿಕೆಯಾಗುತ್ತಿತ್ತು.

ಅವರ ರಂಜಾನ್ ಮುಗಿದ ಹಬ್ಬದ ಬೆಳಿಗ್ಗೆ ಇನ್ನೊಂದು ನೋಡಿದೆ. ಸ್ನಾನ ಮಾಡಿ, ಹೊಸ ಬಟ್ಟೆ ಹಾಕಿಕೊಂಡು ಬಂದು ನನ್ನ ಹೆಂಡತಿಯ ವೀಲ್‌ಚೇರಿನ ಮುಂದೆ ಮಂಡಿಯೂರಿದರು. ಅವಳ ಮಂಡಿಯ ಮೇಲೆ ಹಣೆ ಇಟ್ಟು ಏನೋ ಹೇಳಿದರು. ನಾನು ಕೇಳಿದೆ. ಹಬ್ಬದಲ್ಲಿ ಕಿರಿಯರು ಹಿರಿಯರ ಮುಂದೆ ಹೀಗೆ ಕೂತು, ತಿಳಿದು ಮಾಡಿದ್ದು ತಿಳಿಯದೆ ಮಾಡಿದ್ದು ಎಲ್ಲ ತಪ್ಪಿಗೂ ಕ್ಷಮೆ ಬೇಡುತ್ತಾರಂತೆ. ತಪ್ಪು ಮಾಡಿರಲೇಬೇಕೆಂದಿಲ್ಲ. ಹಿರಿಯರ ಮನಸ್ಸು ನೊಂದಿದೆ ಎಂದು ಕಂಡರೆ ಹಬ್ಬವಲ್ಲದ ದಿನವೂ ಹೀಗೆ ಕೂರುವುದುಂಟಂತೆ.

"ಹಿರಿಯರು ಏನು ಹೇಳಬೇಕು?" ಎಂದು ಕೇಳಿದೆ.

ಅವರು ಸ್ವಲ್ಪ ಸಂಕೋಚಪಟ್ಟರು. "ಹಿರಿಯರೂ ಕೇಳಬೇಕು, ಬಪಾಕ್. ಪೊದೊ-ಪೊದೊ ಅಂತ. ನನ್ನದೂ ತಪ್ಪಿದೆ, ವಯಸ್ಸಾದವರದ್ದು ಇನ್ನೂ ಜಾಸ್ತಿ ಇರುತ್ತೆ, ನೀನೂ ಕ್ಷಮಿಸು ಅಂತ. ಆವಾಗಲೇ ಅದು ಮುಗಿಯೋದು."

ಅಂದು ಸಾಯಂಕಾಲ ಕೆಳಗೆ ನಾನು ಇದನ್ನು ನೇಪಾಳಿ ಹೆಂಗಸಿಗೆ ಹೇಳಿದೆ. ಅವರು ನಕ್ಕು, ನಮ್ಮಲ್ಲಿ ಅರ್ಧ ಇದರ ತಿರುಗಾಮುರುಗಾ ಎಂದರು. ಅವರ ಜನರಲ್ಲಿ ಸೋದರಮಾವನೇ ಅಕ್ಕತಂಗಿಯರ ಮಗಳ ಕಾಲು ಮುಟ್ಟಿ ನಮಸ್ಕರಿಸುತ್ತಾನಂತೆ. ಆಕೆ ತೊಟ್ಟಿಲ ಕೂಸಾಗಿದ್ದರೂ ಸರಿ. ನಾನು ಬಾಯಿ ಸುಮ್ಮನಿರದೆ, ನಮ್ಮ ಕಡೆ ಸೋದರಮಾವ ಆಕೆಯನ್ನು ಮದುವೆಯೇ ಆಗುತ್ತಾನೆ, ಇಗೋ ಇವಳೇ ಎಂದು ಹೆಂಡತಿಯನ್ನು ತೋರಿಸಿದೆ. ಅವರು ಎರಡೂ ಕಿವಿ ಮುಟ್ಟಿಕೊಂಡರು.

"ರಾಮ ರಾಮ. ಮದುವೆನೂ ಆಗ್ತೀರಿ, ಕಾಲಿಗೂ ಬೀಳಲ್ವಾ? ಫುಲ್ಲು ಲಾಭ ನಿಮಗೇ, ಅಂಕಲ್."

ನನ್ನ ಹೆಂಡತಿಗೆ ಹಿಂದಿ ಅಷ್ಟಿಷ್ಟು ತಿಳಿಯುತ್ತಿತ್ತು. ಅವಳು ನಗುತ್ತಾ 'ಅಲ್ಲ, ಅಲ್ಲ' ಎಂದಳು. ಅಷ್ಟು ಚೆನ್ನಾಗಿ ಅವಳು ನಕ್ಕದ್ದು ಅದೇ ಕೊನೆ.

ಈ ವಿಷಯವನ್ನೆಲ್ಲ ನಾನು ಸಂಘದ ಊಟದಲ್ಲಿ ಬಡಿಸುವಾಗ ಯಾರಿಗೋ ಹೇಳಿ, ಅದು ಸಂಘದ ಕಾರ್ಯಕ್ರಮ ನೋಡಿಕೊಳ್ಳುವ ಪ್ರೊಫೆಸರರ ಕಿವಿಗೆ ಬಿದ್ದು, ಅವರು ನನಗೊಂದು ಭಾಷಣದ ಅವಕಾಶ ಕೊಟ್ಟರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಯಲ್ಲಿ ಆ ಹೆಂಗಸನ್ನು ಒಲೆಯ ಮುಂದೆ, ಬಟ್ಟೆ ಮಡಿಸುವಲ್ಲಿ, ಎಲ್ಲೆಂದರಲ್ಲಿ ನಿಲ್ಲಿಸಿ ಪದ ಕೇಳುತ್ತಿದ್ದೆ. ಉಣ್ಣುವುದಕ್ಕೆ ಏನು, ಮಲಗುವುದಕ್ಕೆ ಏನು, ನಿನಗಾದರೆ ಏನು, ಇಬುಗಾದರೆ ಏನು. ಅವರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಕರಾರು ಮುಂದಿತ್ತಲ್ಲ.

ಆ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋಗಿದ್ದಳು. ಬಾತ್‌ರೂಮಿನಲ್ಲಿ ಅವರು ನನ್ನ ಹೆಂಡತಿಗೆ ಸ್ನಾನ ಮಾಡಿಸುತ್ತಿದ್ದರು. ಪ್ರೊಫೆಸರರು ಫೋನ್ ಮಾಡಿದರು. ನಾನು ಉತ್ಸಾಹದಲ್ಲಿ, ಜಾವಾದಲ್ಲಿ ಸ್ನಾನಕ್ಕೂ ಎರಡು ಪದ ಇದೆ ಸಾರ್, ನಾವು ಮಾಡಿದರೆ ಆದುಸ್, ಹಿರಿಯರು ಮಾಡಿದರೆ ಸಿರಾಮ್ ಎಂದೆ. ಅವರು, ಹೌದೇ, ಅಷ್ಟು ಸಣ್ಣ ವಿಷಯಕ್ಕೂ ಬೇರೆ ಪದ ಇರುತ್ತದೆಯೇ, ಸರಿಯಾಗಿ ಖಾತ್ರಿ ಮಾಡಿಕೊಳ್ಳಿ, ತಿಳಿದವರು ಕೂತಿರುತ್ತಾರೆ ಎಂದರು. ಒಳ್ಳೆಯ ಮಾತೇ ಆಡಿದ್ದು. ನನಗೆ ಮಾತ್ರ ಎಸ್ಸೆಸ್ಸೆಲ್ಸಿ ಎಂದು ಕಿವಿಯಲ್ಲಿ ಚುಚ್ಚಿದ ಹಾಗಾಯಿತು.

"ತಡೀರಿ ಸಾರ್, ಅವಳ ಬಾಯಲ್ಲೇ ಕೇಳಿಸ್ತೀನಿ" ಎಂದೆ.

ಹಾಲಿನಿಂದಲೇ ಕೂಗಿದೆ. ಒಂದು ನಿಮಿಷ, ಬಪಾಕ್ ಎಂದು ಒಳಗಿನಿಂದ ಬಂತು. ಮತ್ತೆ ಕೂಗಿದೆ. ಇಬು ಇದ್ದಾರೆ, ಬಪಾಕ್ ಎಂದರು. ಪ್ರೊಫೆಸರರು ಫೋನಿನಲ್ಲಿ ಕಾಯುತ್ತಿದ್ದರು. ಕರೆದರೆ ಕೆಲಸದವಳೂ ಬರುವುದಿಲ್ಲ ಎಂದು ಅವರಿಗೆ ಕೇಳಿಸುತ್ತಿದೆಯಲ್ಲ ಎಂದು ನನಗೆ ಮೈ ಉರಿಯಿತು. ಕಂಟೇನರ್ ಯಾರ್ಡಿನಲ್ಲಿ ಕೂಗುತ್ತಿದ್ದ ಗಂಟಲಿನಲ್ಲಿ ಕೂಗಿದೆ.

ಅವರು ಬಂದರು. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಬರುವ ಮುಂಚೆ ಸ್ನಾನದ ಕುರ್ಚಿಯ ಬ್ರೇಕ್ ಒತ್ತಿ, ಇವಳ ಎಡಗೈಯನ್ನು ಗೋಡೆಯ ಹಿಡಿಕೆಗೆ ಹಿಡಿಸಿ ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಫೋನನ್ನು ಅವರ ಬಾಯಿಗೆ ಹಿಡಿದೆ. ಅವರ ಕಣ್ಣು ಬಾತ್‌ರೂಮಿನ ಬಾಗಿಲ ಮೇಲೇ ಇತ್ತು. "ಸಿರಾಮ್" ಎಂದರು. ಇನ್ನೊಂದು ಸಲ, ಜೋರಾಗಿ ಎಂದೆ. ಎರಡನೆಯ ಸಲ ಅವರು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಬಿದ್ದ ಸದ್ದಾಯಿತು.

ಆಮೇಲೆ ಫೋನ್ ಮಾಡುತ್ತೇನೆ ಸಾರ್ ಎಂದು ಹೇಳಿ ಇಟ್ಟೆ. ಅಂಥ ಹೊತ್ತಿನಲ್ಲೂ ಅಷ್ಟು ಸೌಜನ್ಯದಿಂದ ಮಾತು ಮುಗಿಸಿದೆ ಎಂಬುದನ್ನು ಇಂದಿಗೂ ಮರೆಯಲಾಗಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಮಗಳು ಬ್ಯೂನಾ ವಿಸ್ಟಾದಿಂದ ಆಸ್ಪತ್ರೆಗೆ ಬಂದು ಸೇರಿದಳು. ಅವಳು ಬರುವವರೆಗೆ ವಾರ್ಡಿನಲ್ಲಿ ಮಂಚದ ಆಚೆ ಈಚೆ ನಾವಿಬ್ಬರೇ ನಿಂತಿದ್ದೆವು. ನಾನು ಒಂದು ಮಾತು ಆಡಬಹುದಿತ್ತು. ಮಗಳಿಗೆ ನಾನೇ ಹೇಳುತ್ತೇನೆ, ಹೆದರಬೇಡ ಎಂದು. ಆಡಲಿಲ್ಲ. ಅವರೂ ಕೇಳಲಿಲ್ಲ. ಅವರ ಬಟ್ಟೆ ಇನ್ನೂ ಒದ್ದೆಯಿತ್ತು, ಆಸ್ಪತ್ರೆಯ ಏಸಿಯಲ್ಲಿ ನಡುಗುತ್ತಿದ್ದರು.

ಮಗಳು ಬಂದವಳೇ ಅಮ್ಮನ ಹಣೆ ಮುಟ್ಟಿ, ತಿರುಗಿ ಅವರನ್ನು ಇಂಗ್ಲಿಷಿನಲ್ಲಿ ಕೇಳಿದಳು. ಬಾತ್‌ರೂಮಿನಲ್ಲಿ ಬಿಟ್ಟು ಎಲ್ಲಿಗೆ ಹೋಗಿದ್ದೆ? ನಾನು ದಿನಾ ಹೇಳುತ್ತಿದ್ದದ್ದು ಏನು?

ಅವರು ನನ್ನ ಕಡೆ ನೋಡಿದರು. ಒಂದೇ ಸಲ. ಅದರಲ್ಲಿ ದೂರು ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಬಾಗಿಲ ಹತ್ತಿರ ಹಿರಿಯರು ಮೊದಲು ಹೋಗಲಿ ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತೇವಲ್ಲ, ಅಂಥ ನೋಟ. ನಾನು ಮಂಚದ ಕಂಬಿಯ ಮೇಲಿನ ಸ್ಟಿಕ್ಕರ್ ಓದುತ್ತಾ ನಿಂತೆ. ಆಗ ಅವರು ನನ್ನ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಮಂಡಿಯೂರಿ, ಅವಳ ಕೈಯ ಮೇಲೆ ಹಣೆಯಿಟ್ಟು, ಹಬ್ಬದ ದಿನ ಹೇಳಿದ ಆ ಮಾತನ್ನೇ ಹೇಳಿದರು. ಎಲ್ಲ ತಪ್ಪಿಗೂ ಕ್ಷಮೆ ಬೇಡುತ್ತೇನೆ. ಮಗಳಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಹೇಳಿದರು.

ಮಗಳು ನನ್ನ ಕಡೆ ತಿರುಗಿದಳು. "ನೋಡಿದ್ರಾ ಅಪ್ಪಾ, ಅವಳೇ ಒಪ್ಕೊಳ್ತಿದಾಳೆ. ನೀವು ಆವಾಗ ಎಲ್ಲಿದ್ರಿ?"

"ಹಾಲಲ್ಲಿದ್ದೆ ಕಣಮ್ಮ. ಫೋನಲ್ಲಿದ್ದೆ."

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಆ ಕೋಣೆಯಲ್ಲಿದ್ದವರ ಪೈಕಿ ಅವರು ಮಂಡಿಯೂರಿದ್ದರ ಅರ್ಥ ತಿಳಿದವನು ನಾನೊಬ್ಬನೇ. ಅದು ತಪ್ಪೊಪ್ಪಿಗೆಯಲ್ಲ, ನೊಂದ ಹಿರಿಯರ ಮುಂದೆ ಕಿರಿಯರು ಇಡುವ ಗೌರವ ಎಂದು ನಾನು ಆಗಲೇ ಭಾಷಣಕ್ಕೆ ಸಿದ್ಧಮಾಡಿಕೊಂಡಿದ್ದೆ. ಅದಕ್ಕೆ ಹಿರಿಯರು ಏನು ಉತ್ತರ ಕೊಡಬೇಕೆಂದೂ ಗೊತ್ತಿತ್ತು. ಅವರು ತಮ್ಮ ಪಾಲು ಮುಗಿಸಿ ನನ್ನ ಪಾಲಿಗೆ ಜಾಗ ಬಿಟ್ಟಿದ್ದರು.

ಹೆಂಡತಿ ಎಡಗೈ ಎತ್ತಿದಳು. ಅವರ ತಲೆಯ ಮೇಲಿನಿಂದ ನನ್ನ ಕಡೆಗೆ ಚಾಚಿ "ಅಲ್ಲ" ಎಂದಳು. ಮತ್ತೆ ಮತ್ತೆ ಅಂದಳು. ಮಗಳು, ನೋವು ಜಾಸ್ತಿ ಅನ್ಸುತ್ತೆ, ನರ್ಸ್ ಕರೀರಿ ಎಂದಳು. ನಾನು ಕರೆಯಲು ಹೋದೆ. ಆ ಕೋಣೆಯಿಂದ ಹೊರಗೆ ಬರಲು ಒಂದು ನೆಪ ಸಿಕ್ಕಿತಲ್ಲ ಎಂದು ಬೇಗ ಬೇಗ ಹೋದೆ.

ಕರಾರು ಮುಂದುವರಿಸುವುದಿಲ್ಲ ಎಂದು ಮಗಳು ಅವರನ್ನು ಕಳಿಸಿದ್ದ ಏಜೆನ್ಸಿಗೆ ತಿಳಿಸಿದಳು. ಕಾರಣವನ್ನೂ ತಿಳಿಸಿದಳು, ಇನ್ನೊಂದು ಮನೆಯ ಮುದುಕರಿಗೆ ಹೀಗಾಗಬಾರದು ಎಂದು. ಅವಳ ದೃಷ್ಟಿಯಿಂದ ಅದು ನ್ಯಾಯವೇ. ಆ ಕಾರಣ ಕೇಳಿದ ಮೇಲೆ ಬೇರೆ ಯಾವ ಮನೆಯವರೂ ಅವರನ್ನು ತೆಗೆದುಕೊಳ್ಳಲಿಲ್ಲ. ಊರಿಗೆ ಹೋಗುವುದು ಗೊತ್ತಾಯಿತು. ಆ ದಿನಗಳಲ್ಲಿ ಅವರು ಮನೆಯಲ್ಲೇ ಇದ್ದರು. ಅಡಿಗೆ ಮಾಡುತ್ತಿದ್ದರು, ನನಗೆ ಬಡಿಸುತ್ತಿದ್ದರು. ತಟ್ಟೆ ಇಟ್ಟು ಬಪಾಕ್ ಎನ್ನುವಾಗ ದನಿ ಮುಂಚಿನಂತೆಯೇ ಇತ್ತು. ಆ ದನಿಯೊಂದು ಕೆಟ್ಟಿದ್ದರೆ, ಒಂದು ಪಾತ್ರೆ ಕುಕ್ಕಿದ್ದರೆ, ನಾನೂ ರೇಗಿ ಏನಾದರೂ ಬಾಯಿಬಿಡುತ್ತಿದ್ದೆನೋ ಏನೋ. ಅವರು ಕುಕ್ಕಲಿಲ್ಲ. ನಾನು ಸಾರು ಕಲಸಿಕೊಂಡು, ಚೆನ್ನಾಗಿದೆ ಎಂದು ಹೇಳಿ ತಿನ್ನುತ್ತಿದ್ದೆ.

ಹೊರಡುವ ಹಿಂದಿನ ಸಾಯಂಕಾಲ ಒಬ್ಬನೇ ಕೆಳಗೆ ಹೋದೆ. ನೇಪಾಳಿ ಹೆಂಗಸು ಚೀನೀ ಅಜ್ಜಿಗೆ ಪಪ್ಪಾಯಿ ತಿನ್ನಿಸುತ್ತಿದ್ದರು. ನನ್ನನ್ನು ಕಂಡು ಅಂಕಲ್ ಎನ್ನಲಿಲ್ಲ. ಒಂದು ಹೋಳು ತಿನ್ನಿಸಿ, ಅಜ್ಜಿಯ ಬಾಯಿ ಒರೆಸಿ, ಆಮೇಲೆ ಕೇಳಿದರು.

"ದೀದಿನ ಬಾತ್‌ರೂಮಿಂದ ಕರೆದದ್ದು ಯಾರು?"

ಅವಳು ಏನಾದರೂ ಹೇಳಿದಳಾ ಎಂದು ಕೇಳಿದೆ.

"ದೀದಿ ಹೇಳಿಲ್ಲ. ಅವಳು ಹೇಳೋ ಪೈಕಿನೂ ಅಲ್ಲ. ನಿಮ್ಮ ಗಂಟಲು ನಮ್ಮ ಮನೆ ಕಿಟಕಿಗೇ ಕೇಳ್ಸುತ್ತೆ ಅಂಕಲ್, ಅಜ್ಜಿಗೆ ಕಿವಿ ಕೇಳಲ್ಲ, ನನಗೆ ಕೇಳುತ್ತೆ." ಇನ್ನೊಂದು ಹೋಳು ಕತ್ತರಿಸಿದರು. "ನಿಮ್ಮ ಹೋಲಿಕೆಗೆ ಒಂದು ಪಾಯಿಂಟ್ ಹೇಳ್ಲಾ? ದೀದಿ ಕಡೆ ಚಿಕ್ಕವರು ಬಗ್ತಾರೆ. ನಮ್ಮ ಕಡೆ ದೊಡ್ಡವನಾದ ಮಾಮನೇ ಬಗ್ತಾನೆ. ನಿಮ್ಮ ಕಡೆ ಯಾರು ಬಗ್ತಾರೆ?"

ಮಗಳಿಗೆ ಗೊತ್ತಾದರೆ ನನ್ನ ಮುಖ ನೋಡುವುದಿಲ್ಲ ಎಂದೆ. ಇಡೀ ವಿಷಯದಲ್ಲಿ ನಾನು ಆಡಿದ ಮೊದಲ ನಿಜವಾದ ಮಾತು ಅದು. ಅವರು ಮೆತ್ತಗಾಗಲಿಲ್ಲ. ನಾಳೆ ಬೆಳಿಗ್ಗೆವರೆಗೂ ಹೊತ್ತಿದೆ ಎಂದಷ್ಟೇ ಹೇಳಿ ಕುರ್ಚಿ ತಳ್ಳಿಕೊಂಡು ಲಿಫ್ಟಿನ ಕಡೆ ಹೋದರು.

ಬೆಳಿಗ್ಗೆ ಮಗಳು ರಜೆ ಹಾಕಿ ಅವರನ್ನು ಕಳಿಸಲು ನಿಂತಿದ್ದಳು. ಅವರು ಬ್ಯಾಗು ಬಾಗಿಲ ಬಳಿ ಇಟ್ಟು ನನ್ನ ಮುಂದೆ ಬಂದರು. ನಾನು ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಅವರು ಮಂಡಿಯೂರಿದರು. ನನ್ನ ಮಂಡಿಯ ಮೇಲೆ ಹಣೆ ಇಟ್ಟರು. ಅದೇ ಮಾತು, ಮೆಲ್ಲಗೆ, ತಡವರಿಸದೆ. ಪೊದೊ-ಪೊದೊ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಮಗಳು ಕೈಗಡಿಯಾರ ನೋಡಿಕೊಳ್ಳುತ್ತಾ ಅಲ್ಲೇ ನಿಂತಿದ್ದಳು. ನಾನು ಅವರ ತಲೆಯ ಮೇಲೆ ಕೈಯಿಟ್ಟು, ಒಳ್ಳೆಯದಾಗಲಿ ಎಂದೆ. ದೊಡ್ಡ ಮನುಷ್ಯನ ಹಾಗೆ, ಕ್ಷಮಿಸಿದವನ ಹಾಗೆ.

ಅವರು ಎದ್ದು ಹೋದ ಮೇಲೆ ಮಗಳು, "ನಿಮ್ಮದು ದೊಡ್ಡ ಮನಸ್ಸು ಅಪ್ಪಾ. ನನ್ನ ಕೈಲಿ ಆಗ್ತಿರ್ಲಿಲ್ಲ" ಎಂದಳು.

ಭಾಷಣ ಚೆನ್ನಾಗಿ ಆಯಿತು. ಹೆಂಡತಿ ಇನ್ನೂ ಆಸ್ಪತ್ರೆಯಲ್ಲಿದ್ದಳು; ಅಂಥ ಕಷ್ಟದಲ್ಲೂ ಬಂದಿದ್ದಾರೆ ಎಂದು ಪ್ರೊಫೆಸರರು ಪರಿಚಯ ಮಾಡಿಕೊಟ್ಟರು. ಹಸ್ತ ಅಸ್ತೊ ಆದದ್ದು ಹೇಳಿದೆ, ಸಭೆ ತಲೆದೂಗಿತು. ಆದುಸ್ ಮತ್ತು ಸಿರಾಮ್ ಹೇಳಲಿಲ್ಲ. ಕೊನೆಗೆ ಜಾವಾದವರು ಮಂಡಿಯೂರುವುದನ್ನು ವರ್ಣಿಸಿದೆ: ತಪ್ಪು ಮಾಡದೆಯೂ ಕ್ಷಮೆ ಬೇಡುವ ಜನ, ಎಂಥ ವಿನಯ ನೋಡಿ ಎಂದೆ. ಕೈಯಲ್ಲಿದ್ದ ಚೀಟಿಯಲ್ಲಿ ಅದರ ಕೆಳಗೆ ಪೊದೊ-ಪೊದೊ ಎಂದು ಬರೆದಿತ್ತು. ಅಲ್ಲಿಗೆ ಬಂದು ಚೀಟಿ ಮಡಿಸಿ ಜೇಬಿನಲ್ಲಿಟ್ಟೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಮಗಳು ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು.

ಹೆಂಡತಿ ಮನೆಗೆ ಬಂದಳು. ಮತ್ತೆ ವೀಲ್‌ಚೇರಿನಲ್ಲಿ ಕೂರುವ ಪ್ರಶ್ನೆ ಬರಲಿಲ್ಲ, ಮಲಗಿದ್ದಲ್ಲೇ. ಹೊಸಬಳೊಬ್ಬಳು ಬಂದಳು, ಕೆಲಸ ಅಚ್ಚುಕಟ್ಟು, ಮಾತಿಲ್ಲ. ನನ್ನ ಹೆಂಡತಿಯೂ 'ಅಲ್ಲ' ಎನ್ನುವುದನ್ನು ನಿಲ್ಲಿಸಿದಳು. ನಾನು ಹತ್ತಿರ ಹೋದರೆ ಮುಖವನ್ನು ಗೋಡೆಯ ಕಡೆ ತಿರುಗಿಸುವಳು. ಅವಳ ಕೋಪ ನನಗೆ ಹೊಸದಲ್ಲ. ಆದರೆ ಮಾಮ ಎಂದು ಬಯ್ಯಲು ಬಾಯಿಲ್ಲದ ಕೋಪ ಹೊಸದು. ಒಂದು ಮಧ್ಯಾಹ್ನ ಹೊಸಬಳು ಅಂಗಡಿಗೆ ಹೋಗಿದ್ದಾಗ ಬಾಗಿಲು ಹಾಕಿದೆ. ಮಂಚದ ಕಾಲ್ದೆಸೆಯಲ್ಲಿ ಕಷ್ಟಪಟ್ಟು ಮಂಡಿಯೂರಿದೆ. ಅವಳ ಎರಡೂ ಪಾದ ಹಿಡಿದು ಹಣೆ ಮುಟ್ಟಿಸಿದೆ. ಬೆಟ್ಟದ ಕಡೆಯ ಮಾಮಂದಿರು ಮಾಡುವ ಹಾಗೆ. ಕನ್ನಡದಲ್ಲಿ 'ಕ್ಷಮಿಸು' ಎಂದು ನಾನು ಜನ್ಮದಲ್ಲಿ ಯಾರಿಗೂ ಅಂದವನಲ್ಲ, ನಮ್ಮ ಮನೆಯಲ್ಲಿ ಯಾರೂ ಅಂದದ್ದು ಕೇಳಿಲ್ಲ. ನಾವು ತಪ್ಪಾಯ್ತು ಎನ್ನುತ್ತೇವೆ, ತಪ್ಪು ತಾನಾಗಿಯೇ ಆದ ಹಾಗೆ. ಅಂದು ನಾನು, ನಾನೇ ಕರೆದೆ, ನಾನು ತಪ್ಪು ಮಾಡಿದೆ ಎಂದೆ.

ಅವಳು ಮುಖ ತಿರುಗಿಸಿ ನನ್ನನ್ನು ನೋಡಿದಳು. ಎಡಗೈ ಚಾಚಿ ನನ್ನ ತಲೆ ಮುಟ್ಟಿದಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ನನಗೆ ಹಗುರಾಯಿತು ಎನ್ನಿಸುವಷ್ಟರಲ್ಲಿ ಆ ಕೈ ಎತ್ತಿ ಮೂಲೆಯ ಕಡೆ ತೋರಿಸಿದಳು. ಅಲ್ಲಿ ಮೊದಲು ಆ ಹೆಂಗಸು ಚಾಪೆ ಸುತ್ತಿಡುತ್ತಿದ್ದರು. ಈಗ ಬರಿ ಗೋಡೆ.

"ಅಲ್ಲ" ಎಂದಳು. ಬಹಳ ದಿನದ ಮೇಲೆ ಆಡಿದ ಮಾತು. ಆ ಸಲ ಮುಖ ನೋಡಿ ಅರ್ಥ ಹುಡುಕಬೇಕಾಗಿರಲಿಲ್ಲ.

ಹೆಂಡತಿ ಇದ್ದಾಗ ಆ ಹೆಂಗಸಿಗೆ ಇದೇ ಮಾತು ಹೇಳಲು ನನಗೆ ಧೈರ್ಯ ಬರಲಿಲ್ಲ. ಅವಳು ತೀರಿಕೊಂಡು ವರ್ಷ ದಾಟಿತು. ಕಳೆದ ತಿಂಗಳು ನೇಪಾಳಿ ಹೆಂಗಸಿನ ಬಳಿ ಹೋಗಿ, ದೀದಿಯ ಫೋನ್ ನಂಬರ್ ಕೊಡಿ ಎಂದು ಕೇಳಿದೆ. ಚೀನೀ ಅಜ್ಜಿ ಅವರ ಪಕ್ಕದಲ್ಲಿ ತೂಕಡಿಸುತ್ತಿದ್ದರು.

"ಮೊದ್ಲು ಮಗಳ ಹತ್ರ ಹೇಳಿ ಬನ್ನಿ ಅಂಕಲ್. ಇಲ್ಲಾಂದ್ರೆ ನೀವು ಫೋನಲ್ಲಿ ಅತ್ತು ಹಗುರ ಆಗ್ತೀರಿ, ಅವಳ ಹೆಸರು ಏಜೆನ್ಸೀಲಿ ಹಾಗೇ ಇರುತ್ತೆ" ಎಂದರು.

ನಿನ್ನೆ ಭಾನುವಾರ ಊಟವಾದ ಮೇಲೆ ಮಗಳಿಗೆ ಹೇಳಿದೆ. ಮೇಲೆ ಬರೆದ ಕ್ರಮದಲ್ಲೇ ಹೇಳಿದೆ, ಪ್ರೊಫೆಸರರ ಫೋನಿನಿಂದ ಹಿಡಿದು ಸೋಫಾದ ಆಶೀರ್ವಾದದವರೆಗೆ.  ಮುಗಿದ ಮೇಲೆ ಅವಳು ತಟ್ಟೆಗಳನ್ನು ತೆಗೆದುಕೊಂಡು ಹೋಗಿ ತೊಳೆದಳು. ನೀರಿನ ಸದ್ದು ನಿಂತ ಮೇಲೂ ಅಲ್ಲೇ ನಿಂತಿದ್ದಳು.

"ನನ್ನ ಕೈಲಿ ಮಾಡ್ಸಿದ್ರಿ ಅಪ್ಪಾ" ಎಂದಳು. ಅಷ್ಟೇ. ಇವತ್ತು ಬೆಳಿಗ್ಗೆ ನನ್ನ ಕಡೆ ನೋಡದೆ ಆಫೀಸಿಗೆ ಹೋದಳು. ಹೋಗುವ ಮುಂಚೆ ಏಜೆನ್ಸಿಗೆ ಬರೆದಿದ್ದೇನೆ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು.

ಸಂಪಾದಕರು ಕ್ಷಮಿಸಬೇಕು, ಇದು ಅವರು ಕೇಳಿದ ಲೇಖನವಲ್ಲ. ಎರಡು ಭಾಷೆಗಳ ಬಗ್ಗೆ ನನಗೆ ತಿಳಿದದ್ದೆಲ್ಲ ಇದರಲ್ಲೇ ಬಂದಿದೆ. ಸಾಯಂಕಾಲ ನಾನು ಕೆಳಗೆ ಹೋಗಿ ನಂಬರ್ ಕೇಳಬೇಕು. ಅವರು ಕೊಡಬಹುದು, ಕೊಡದೆಯೂ ಇರಬಹುದು. ಆ ಕಡೆಯಿಂದ ಫೋನ್ ಎತ್ತಿದರೆ 'ಏಯ್' ಎನ್ನುವಂತಿಲ್ಲ. ಏನೆಂದು ಕರೆಯಬೇಕೆಂದು ಬೆಳಿಗ್ಗೆಯಿಂದ ಕೂತು ಯೋಚಿಸಿದ್ದೇನೆ. ಹೆಂಡತಿಯ ಕಾಲು ಹಿಡಿದೆ, ಮಗಳ ಮುಂದೆ ತಲೆ ತಗ್ಗಿಸಿದೆ. ಇಷ್ಟೆಲ್ಲ ಆದಮೇಲೂ ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ನನ್ನ ಮಂಡಿಯ ಮೇಲೆ ಹಣೆಯಿಟ್ಟು ಉತ್ತರಕ್ಕಾಗಿ ಕಾದವರನ್ನು. ನನ್ನ ಹೆಂಡತಿಯ ಮಡಿಚಿದ ಕೈಯನ್ನು ಅಸ್ತೊ ಎಂದು ಕರೆದವರನ್ನು. ಪೊನೊರೊಗೊದ ಆ ತಾಯಿಯನ್ನು.